ಕಾಲಿಡುವ ಮೊದಲು

ಎಣ್ಣೆಯ ವಾಸನೆ, ಹೊಸ ಕಬ್ಬಿಣದ ವಾಸನೆ, ಮಶೀನಿನ ನೆತ್ತಿಯ ಮೇಲೆ ಯಾರೋ ಏರಿಸಿದ ಸೇವಂತಿಗೆ — ಪೂಜೆ ಮಾಡದೆ ಬಿಡುವವರೇ ಬೈಲಹೊಂಗಲದ ಹೆಂಗಸರು, ಕಮಲಾಬಾಯಿ ಸೆರಗಿನ ತುದಿ ಹಲ್ಲಲ್ಲಿ ಕಚ್ಚಿಕೊಂಡು ನಿಂತಿದ್ದಾಳೆ, ಮಾತಾಡುವ ಹಾಗಿಲ್ಲ, ಅದೇ ಕರಾರು, ಸ್ವರಾಜ್ಯ ಬಂದ ಮೇಲೆ ಹುಟ್ಟಿದ ಮಹಿಳಾ ಮಂಡಳದ ಈ ಹೊಲಿಗೆ ಮಶೀನನ್ನು ಇವತ್ತು ಓದು ಬಾರದ ರಾಚವ್ವ ಬರೀ ಹಾಳೆ ಓದಿಸಿ ಕೇಳಿಕೊಂಡೇ ನಡೆಸಬೇಕು, ಇಲ್ಲವಾದರೆ ಅದು ಪೇಟೆಯ ಶಿಂಪಿಯ ಅಂಗಡಿಗೆ, ಕಾರ್ಯದರ್ಶಿ ಪಾಂಡುರಂಗರಾಯರು ಹೇಳಿಬಿಟ್ಟಿದ್ದಾರೆ, ಸುಮ್ಮನ ತುಕ್ಕು ಹಿಡೀತದ ಕಮಲಾಬಾಯಿ, ದುಡಿಯೋರ ಕೈಗೆ ಕೊಡೂಣು. ಆಹಾ, ದುಡಿಯುವವರಂತೆ! ಹಾಳೆ ಕಮಲಾಬಾಯಿಯದೇ, ಬೆಳಗಾವಿಯಿಂದ ಮಶೀನಿನ ಜೊತೆ ಬಂದ ಇಂಗ್ಲಿಷ್ ಪುಸ್ತಕ ಪಕ್ಕಕ್ಕೆ ತಳ್ಳಿ, ಸೂಜಿ ಎಲ್ಲಿ, ದಾರ ಎಲ್ಲಿಂದ ಎಲ್ಲಿಗೆ, ಗಾಲಿ ಯಾವ ಕಡೆಗೆ, ಎಲ್ಲ ಬಿಡಿಸಿ ಬಿಡಿಸಿ ಬರೆದದ್ದು, ಆದರೂ ಹೋದ ವಾರ ರಾಚವ್ವ ದಾರ ಪೋಣಿಸಿದಳು, ಬಟ್ಟೆ ಇಟ್ಟಳು, ಕಾಲು ಎತ್ತಿದಳು, ಬೆಳ್ಳಿ ಕಾಲುಂಗುರದ ಆ ಕಾಲು ತುಳಿಯುವ ಹಲಗೆಯ ಮೇಲೆ ಗಾಳಿಯಲ್ಲೇ ನಿಂತುಬಿಟ್ಟಿತು, ನಾ ಒಲ್ಲೆನ್ರಿ ಬಾಯಾರ, ಲಕ್ಷ್ಮಿ ಅದು, ಕುಂಕುಮ ಹಚ್ಚೇವಿ, ಹೆಂಗ ತುಳೀಲಿ? ರಾಯರು ನಕ್ಕರು, ಕಮಲಾಬಾಯಿಗೆ ಮೈಯೆಲ್ಲ ಉರಿಯಿತು, ಉರಿದದ್ದು ತನ್ನ ಮೇಲೆಯೇ, ಅಪ್ಪನ ಪಂಚಾಂಗಕ್ಕೆ ಕಾಲು ತಾಗಿದಾಗ ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡವಳು ತಾನೇ ಅಲ್ಲವೇ, ಪುರೋಹಿತರ ಮಗಳಿಗೆ ಇಷ್ಟು ಹೊಳೆಯಬಾರದಿತ್ತೇ, ಮಶೀನು ಗೊತ್ತಿತ್ತು, ಅದರ ಮುಂದೆ ಕೂಡುವವಳು ಯಾರೆಂಬುದು ಮರೆತಿತ್ತು.

ಈಗ ಹಾಳೆಯ ತಲೆಯ ಮೇಲೆ ಹೊಸ ಸಾಲು, ರಾಯರು ಕಣ್ಣು ಹಾಯಿಸಿ ಇದೇನ್ರಿ, ಮಶೀನಿನ ಹಾಳ್ಯಾಗ ನಮಸ್ಕಾರ ಯಾಕ, ತಗೀರಿ ಅಂದರು, ತಗಿಯೂದಿಲ್ರಿ ಅಂದಳು ಕಮಲಾಬಾಯಿ, ಎಷ್ಟು ಚಂದಾಗಿ ಅಂದುಬಿಟ್ಟಳು, ನೆನೆದರೆ ಈಗಲೂ ಎದೆ ಉಬ್ಬುತ್ತದೆ — ಮಂಡಳದಲ್ಲಿ ಈಗಷ್ಟೇ ಅಕ್ಷರ ಕಲಿತ ತಂಗೆವ್ವ ಓದುತ್ತಿದ್ದಾಳೆ, ಅಕ್ಷರ ಅಕ್ಷರಕ್ಕೂ ಬೆರಳಿಟ್ಟು, ಮೊದಲ ನಮಸ್ಕಾರ ಮಾಡ್ರಿ, ಆಮ್ಯಾಲ ಕಾಲು ಇಡ್ರಿ, ಈ ಲಕ್ಷ್ಮಿಗೆ ಕಾಲಿನ ಸೇವಾನ ಬೇಕು, ಪಾಪ ಇಲ್ಲ. ರಾಚವ್ವ ಬಗ್ಗಿದಳು, ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡಳು, ಖರೇನ ಏನ್ರಿ ಬಾಯಾರ? ಉತ್ತರ ಕೊಡುವಂತಿಲ್ಲ, ಸೆರಗು ಹಲ್ಲಲ್ಲಿ, ಹಾಳಿ ಹೇಳೈತಲ್ಲಬೇ ಅಂದಳು ತಂಗೆವ್ವ, ಹೌದು, ಹಾಳೆ ಹೇಳಿದೆ, ತನ್ನ ಹಾಳೆ, ತಾನು ಬಾಯಿ ಮುಚ್ಚಿ ನಿಂತಾಗ ತನ್ನ ಬದಲಿಗೆ ಮಾತಾಡಿದೆ, ಕಾಲು ಎದ್ದಿತು, ಮತ್ತೆ ಅದೇ ಕಾಲುಂಗುರ, ಗಾಳಿಯಲ್ಲಿ, ಇಳಿ ತಾಯಿ ಇಳಿ, ಇಳಿಯುತ್ತಿದೆ, ಕಬ್ಬಿಣಕ್ಕೆ ಬೆಳ್ಳಿ ತಾಗಿ ಟಣ್ ಅಂದಿತು, ಗಾಲಿ ತಿರುಗಿತು, ರಾಯರು ಏನೋ ಅನ್ನುತ್ತಿದ್ದಾರೆ, ಕೇಳಿಸುತ್ತಿಲ್ಲ, ಆ ಕಾಲು, ಆ ಬೆಳ್ಳಿಯ ಕಾಲುಂಗುರ, ಕಬ್ಬಿಣದ ಮೇಲೆ.