ಅರವತ್ತೆರಡು ಅಂಗುಲದ ಟಗರು

ರಾಜಧಾನಿಯಿಂದ ಬಲ್ಜಿನ್ಯಾಮ್ ಬಂದದ್ದು ಬೆಟ್ಟ ಆರಿಸುವುದಕ್ಕೆ. ಬೇಟೆಯಾಡುವವನು ಅವನಲ್ಲ, ಹೊರದೇಶದ ಯಾವನೋ ದೊಡ್ಡ ಕುಳ. ಆ ಕುಳಕ್ಕೆ ಒಂದು ಕಾಡುಕುರಿಯ ಟಗರು ಬೇಕಾಗಿತ್ತು. ಕೊಂಬು ಅರವತ್ತು ಅಂಗುಲಕ್ಕೆ ಕಡಿಮೆ ಇರಕೂಡದು. ಯಾವ ಬೆಟ್ಟ, ಬೇಟೆ ಮಾಡಿಸುವವರು ಯಾರು, ಎರಡನ್ನೂ ಗೊತ್ತುಮಾಡಿಕೊಂಡು ಬಾ ಎಂದು ಇವನನ್ನು ಅಟ್ಟಿದ್ದ. ಹೆಣ್ಣು ನೋಡಲು ಬಂದ ಸೋದರಮಾವನ ಗತ್ತಿನಲ್ಲಿ ಇವನು ಜೀಪಿನಿಂದ ಇಳಿದ. ಯಾರದೇ ಗುಡಾರದ ಹತ್ತಿರ ಬಂದರೂ ದೂರದಿಂದಲೇ 'ನಾಯಿ ಹಿಡ್ಕೊಳ್ಳಿ' ಎಂದು ಕೂಗುವುದು ಅಲ್ಲಿಯ ರೂಢಿ. ಇವನು ಹಾರ್ನ್ ಹೊಡೆದಿದ್ದ. ರೇಷ್ಮೆಯ ಹೊಸ ನಿಲುವಂಗಿ ತೊಟ್ಟಿದ್ದ, ನಡುಪಟ್ಟಿಯನ್ನು ಮಾತ್ರ ಹೆಂಗಸರ ಹಾಗೆ ಎದೆಯ ಕೆಳಗೇ ಬಿಗಿದಿದ್ದ.

"ಬಂತು ನೋಡು ಮದುಮಗಳು," ಎಂದ ಯೊಂದೊನ್, ಗುಡಾರದ ಬಾಗಿಲಲ್ಲಿ ನಿಂತು.

"ಅಪ್ಪಾ, ಇವತ್ತೊಂದಿನ ನಾಲಿಗೆ ಬಿಗಿ ಹಿಡಿ," ಎಂದಳು ಮಗಳು ದುಲ್ಮಾ. "ಅಲ್ಲ, ಇವತ್ತೊಂದಿನ ನಾಲಿಗೆ ಬಿಡು. ಟಗರು ಇದೆ ಅಂತ ಒಂದು ಸಲ ಹೇಳಿಬಿಡು. ಬಾಯಿದ್ದೋನು ಬದುಕ್ತಾನೆ."

"ಬಾಯಿರೋ ನಾಯೀನೂ ಬದುಕುತ್ತೆ."

ಯೊಂದೊನನಿಗೆ ಅರವತ್ತೆಂಟು. ಮೂವತ್ತು ವರ್ಷದಿಂದ ಬೇಟೆಗೆ ಬಂದವರಿಗೆ ದಾರಿ ತೋರಿಸುತ್ತ ಬಂದವನು. ಆ ವರ್ಷ ತಾಲ್ಲೂಕಿಗೆ ಸಿಕ್ಕಿದ್ದು ಒಂದೇ ಪರವಾನಗಿ, ಒಂದೇ ಟಗರಿಗೆ. ಬಲ್ಜಿನ್ಯಾಮ್ ಯಾರನ್ನು ಆರಿಸುತ್ತಾನೋ ಅದು ಅವರ ಪಾಲು. ಒಂದು ಕಡೆ ಯೊಂದೊನ್, ಇನ್ನೊಂದು ಕಡೆ ದಗ್ವಾ. ಈ ದಗ್ವಾ ನಾಲ್ಕು ಬೇಸಿಗೆ ಯೊಂದೊನನ ಹಿಂದೆ ದುರ್ಬೀನು ಹೊತ್ತು ತಿರುಗಿ ಕೆಲಸ ಕಲಿತವನು. ಕಲಿತದ್ದರಲ್ಲಿ ತಲೆಯಲ್ಲಿ ಉಳಿದದ್ದು ಟಗರು ಎಲ್ಲಿ ಮಲಗುತ್ತದೆ ಎಂಬುದೊಂದೇ. ಆಮೇಲೆ ಎರಡು ಜೀಪು ತಂದ. ಹೋದ ವರ್ಷದ ಹಿಂದಿನ ವರ್ಷ ತನ್ನ ಬೆಟ್ಟದಲ್ಲಿ ಎರಡು ಕಡೆಯಿಂದ ಜೀಪು ನುಗ್ಗಿಸಿ ಟಗರುಗಳನ್ನು ಅಟ್ಟಿದ. ಸತ್ತದ್ದು ಒಂದು ಟಗರು. ಉಳಿದ ಮಂದೆಯೆಲ್ಲ ಗಡಿ ದಾಟಿ ಹೋಯಿತು, ತಿರುಗಿ ಬರಲಿಲ್ಲ.

ಯೊಂದೊನನ ಬೆಟ್ಟದಲ್ಲಿ ಒಂಬತ್ತು ಟಗರುಗಳಿದ್ದವು. ಅದರಲ್ಲೊಂದು ಹಣ್ಣು ಮುದಿಯಾದದ್ದು. ಹಲ್ಲು ಸವೆದು, ಕೊಂಬಿನ ತುದಿ ಮುರಿದು, ಬರುವ ಚಳಿಗಾಲ ದಾಟುವುದೇ ಅನುಮಾನ. ಮರೆಯಲ್ಲಿ ತೆವಳಿಕೊಂಡು ಹೋಗಿ ಅದೊಂದನ್ನು ಬೀಳಿಸಿದರೆ ಮಿಕ್ಕ ಎಂಟು ಅಲ್ಲೇ ಉಳಿಯುತ್ತವೆ. ಅದರ ಕೊಂಬು ಐವತ್ತೆರಡು ಅಂಗುಲ ದಾಟುವುದಿಲ್ಲ ನಿಜ. ಆದರೆ ನಾಲ್ಕು ದಿನ ಬೆಟ್ಟ ಹತ್ತಿ ಇಳಿದವನಿಗೆ ಅಂಗುಲಗಿಂಗುಲ ಮರೆತೇಹೋಗುತ್ತದೆ. ಹಾಗೆ ಎಷ್ಟೋ ಕುಳಗಳನ್ನು ಯೊಂದೊನ್ ಒಪ್ಪಿಸಿದ್ದ. ಈ ಸಲವೂ ಪರವಾನಗಿ ತನ್ನ ಕೈಗೆ ಬಂದು, ಮಂದೆ ಬೆಟ್ಟದಲ್ಲೇ ಉಳಿದರೆ ಸಾಕಿತ್ತು ಅವನಿಗೆ.

ಕಷ್ಟವೆಂದರೆ ಅವನು ಬಾಯಿ ಬಿಡುವಂತಿರಲಿಲ್ಲ. ಬೇಟೆಗೆ ಹೋಗುವವನು ಇಂಥ ಪ್ರಾಣಿ ಇದೆ, ಇಷ್ಟಿದೆ, ಹೊಡೆದೇ ಹೊಡೆಯುತ್ತೇನೆ ಎನ್ನಬಾರದು. ಬೆಟ್ಟ ಕೇಳಿಸಿಕೊಳ್ಳುತ್ತದೆ. ಬೆಟ್ಟದ ಹೆಸರನ್ನಂತೂ ಅದು ಕಣ್ಣೆದುರು ಇರುವಾಗ ಎತ್ತಲೇಬಾರದು, 'ಹಿರಿಯರು' ಎನ್ನಬೇಕು ಅಷ್ಟೆ. ಆ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಬಲ್ಜಿನ್ಯಾಮನಂಥವರಿಗೆ ಇದು ಮೂಢನಂಬಿಕೆ. ಅಂಥವರಿಗೆ ಬೆಟ್ಟವೆಂದರೆ ಫೋಟೋದ ಹಿಂಬದಿ.

ಒಳಗೆ ಬಂದು ಕೂತವನಿಗೆ ಯೊಂದೊನ್ ನಶ್ಯದ ಬುಡ್ಡಿ ಕೊಟ್ಟ. ಬಲಗೈಯಲ್ಲಿ ಫೋನು ಇದ್ದುದರಿಂದ ಪುಣ್ಯಾತ್ಮ ಅದನ್ನು ಎಡಗೈಯಲ್ಲಿ ತೆಗೆದುಕೊಂಡ. ದುಲ್ಮಾ ಉಪ್ಪು ಹಾಕಿದ ಹಾಲಿನ ಚಹಾ ಕೊಟ್ಟಳು, ಮಾಂಸ ತುಂಬಿದ ಕಡುಬು ಬಡಿಸಿದಳು. ಕಡುಬನ್ನು ಅವನು ಕಚ್ಚಿದ ಭರಕ್ಕೆ ಒಳಗಿನ ರಸವೆಲ್ಲ ರೇಷ್ಮೆಯ ಮೇಲೆ ಇಳಿಯಿತು. ಯೊಂದೊನನಿಗೆ ಬೆಳಗಿನಿಂದ ಸಿಕ್ಕ ಮೊದಲ ಸಂತೋಷ ಅದು.

"ನಿನ್ನೆ ದಗ್ವಾ ಕ್ಯಾಂಪ್ ನೋಡಿದೆ," ಎಂದ ಬಲ್ಜಿನ್ಯಾಮ್, ಎದೆ ಒರೆಸಿಕೊಳ್ಳುತ್ತ. "ಬಿಸಿನೀರಿನ ಸ್ನಾನ ಇದೆ ಅಲ್ಲಿ."

"ಟಗರಿಗಾ?"

"ಅಯ್ಯೋ, ಬರೋ ಅತಿಥಿಗೆ!"

"ಹಂಗಾ. ಅಷ್ಟು ಹೆಮ್ಮೆಯಿಂದ ಹೇಳಿದ್ರಲ್ಲ, ಟಗರಿಗೇ ಇರ್ಬೇಕು ಅಂದ್ಕೊಂಡೆ."

ದುಲ್ಮಾ ಒಲೆಗೆ ಬೆರಣಿ ತುರುಕುತ್ತ ಅಪ್ಪನನ್ನು ದುರುಗುಟ್ಟಿ ನೋಡಿದಳು.

"ಇರ್ಲಿ, ವಿಷಯಕ್ಕೆ ಬರೋಣ," ಎಂದ ಬಲ್ಜಿನ್ಯಾಮ್. "ನಿಮ್ಮ ಬೆಟ್ಟದಲ್ಲಿ ಟಗರು ಎಷ್ಟಿವೆ ಅಜ್ಜಾ?"

"ಏನಿದೆ ಅಲ್ಲಿ? ಕಲ್ಲಿದೆ. ಗಾಳಿ ಇದೆ."

"ಕೊಂಬು ಎಷ್ಟುದ್ದ ಬರಬಹುದು?"

"ನನ್ನ ಕಣ್ಣು ಮಂಜು ಕಣಪ್ಪ."

"ಸಿಕ್ಕೇ ಸಿಗುತ್ತೆ ಅಂತ ಗ್ಯಾರಂಟಿ ಕೊಡ್ತೀರಾ?"

"ಹಿರಿಯರು ಕೊಟ್ರೆ ಉಂಟು."

"ಯಾವ ಹಿರಿಯರು? ನಿಮಗೆ ಪಾಲುದಾರರು ಬೇರೆ ಇದಾರಾ?"

ಯೊಂದೊನ್ ಅಂಗೈ ಬಿಚ್ಚಿ ಬಾಗಿಲಾಚೆಗಿನ ಬೆಟ್ಟದ ಕಡೆ ತೋರಿಸಿದ.

"ಓ, ಅದಾ! ಹೆಸರು ಹೇಳಿ, ಫಾರಂನಲ್ಲಿ ತುಂಬಬೇಕು."

"ನಿಮ್ಮಜ್ಜನ್ನ ಕೇಳಿ. ಹೆಸರು ಯಾಕೆ ಹೇಳಲ್ಲ ಅಂತ ಅವರು ಹೇಳ್ತಾರೆ."

"ಅಜ್ಜ ತೀರ್ಕೊಂಡು ಇಪ್ಪತ್ತು ವರ್ಷ ಆಯ್ತು."

"ನಿಮ್ಮನ್ನ ನೋಡಿದ್ರೇ ಗೊತ್ತಾಗುತ್ತೆ."

ಬಲ್ಜಿನ್ಯಾಮ್ ನಕ್ಕ. ಬೈದದ್ದು ತಿಳಿಯದವನ ನಗು ಅದು. ಎದ್ದು ಬೂಟು ಒದರಿಕೊಂಡು ಹೊರಗೆ ಹೋದ. ಅಪ್ಪ ಮಗಳು ಹಿಂದೆಯೇ ಬಂದರು. ಬೆಟ್ಟ ಬಿಸಿಲಿನಲ್ಲಿ ನಿಚ್ಚಳವಾಗಿ ನಿಂತಿತ್ತು.

"ಬೇಜಾರು ಮಾಡ್ಕೋಬೇಡಿ ಅಜ್ಜಾ," ಎಂದ ಬಲ್ಜಿನ್ಯಾಮ್, ಜೀಪಿನ ಬಾಗಿಲು ತೆಗೆಯುತ್ತ. "ಏನೂ ಇಲ್ಲ ಅನ್ನೋರಿಗೆ ನಾನು ಹೆಂಗೆ ಕೆಲಸ ಕೊಡ್ಲಿ? ದಗ್ವಾ ನಿನ್ನೇನೇ ಹೇಳಿದ್ದ. ಮುದುಕ ಬಾಯಿ ಬಿಡಲ್ಲ, ಆದ್ರೆ ಮಾಲು ಇರೋದು ಅವನ ಬೆಟ್ಟದಲ್ಲೇ ಅಂತ. ಪರವಾನಗಿ ಇಡೀ ತಾಲ್ಲೂಕಿಗೆ ತಾನೇ? ಅತಿಥೀನ ಇಲ್ಲಿಗೇ ಕರ್ಕೊಂಡು ಬರ್ತಾನಂತೆ. ಎರಡು ಕಡೆಯಿಂದ ಜೀಪ್ ಬಿಟ್ರೆ ಅರ್ಧ ದಿನದ ಕೆಲಸ ಅಂದ."

ದುಲ್ಮಾ ಅಪ್ಪನ ತೋಳು ಹಿಡಿದಳು.

ಯೊಂದೊನನಿಗೆ ಮೈಯೆಲ್ಲ ಉರಿಯಿತು. ಒಂಬತ್ತು ಟಗರು, ಅವುಗಳ ಹಿಂದೆ ದಗ್ವಾನ ಜೀಪು, ಮುಂದೆ ಗಡಿ. ಅವನು ಬೆಟ್ಟದ ಕಡೆ ತಿರುಗಿದ. ಬೆಟ್ಟದೆದುರು ಅಪ್ಪನ ಬಾಯಿಂದಲೂ ಎಂದೂ ಕೇಳದ ಆ ಹೆಸರನ್ನು, ಸಂತೆಯಲ್ಲಿ ಕುದುರೆ ಮಾರುವವನ ಗಂಟಲಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಿದ.

"ಬರ್ಕೋ ನಿನ್ನ ಫಾರಂನಲ್ಲಿ! ಹನ್ನೆರಡು ಟಗರಿವೆ. ಒಂದೊಂದೂ ಹೋರಿ ಇದ್ದಂಗೆ. ದೊಡ್ಡದರ ಕೊಂಬು ಅರವತ್ತು ಅಂಗುಲ. ಗ್ಯಾರಂಟಿ ಬೇಕಾ? ಗ್ಯಾರಂಟಿ!"

"ಇದನ್ನ ಮೊದಲೇ ಹೇಳ್ಬಾರ್ದಾ!" ಎಂದು ಬಲ್ಜಿನ್ಯಾಮ್ ಅವನ ಬೆನ್ನು ತಟ್ಟಿದ. "ಮುಗೀತು, ಕೆಲಸ ನಿಮ್ದೇ. ದಗ್ವಾನ ಸ್ನಾನ ಹಾಳಾಗಿ ಹೋಗ್ಲಿ. ಇನ್ನೊಂದ್ಸಲ ಹೇಳಿ ಅಜ್ಜಾ, ವಿಡಿಯೋ ಮಾಡ್ಕೊಂಡು ಸಾಹೇಬರಿಗೆ ಕಳಿಸ್ತೀನಿ. ಬೆಟ್ಟ ಹಿಂದೆ ಬರೋ ಹಂಗೆ ನಿಂತ್ಕೊಳ್ಳಿ."

ಯೊಂದೊನ್ ನಿಂತ. ಟೋಪಿ ಸರಿಮಾಡಿಕೊಂಡ. ಮೊದಲ ಸಲ ಕಿತ್ತು ಕಿತ್ತು ಬಂದ ಮಾತು ಈ ಸಲ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಬಂತು. ಹೆಸರು ಹೇಳಿದ. ಹದಿನಾಲ್ಕು ಟಗರು ಎಂದ. ಎರಡೂ ತೋಳು ಚಾಚಿ ಕೊಂಬಿನ ಸುರುಳಿ ತೋರಿಸಿ ಅರವತ್ತೆರಡು ಅಂಗುಲ ಎಂದ. ಆ ಎರಡು ಅಂಗುಲವನ್ನು ಯಾರೂ ಕೇಳಿರಲಿಲ್ಲ.

"ದಗ್ವಾನೂ ಇಷ್ಟು ಚೆನ್ನಾಗಿ ಹೇಳಿರ್ಲಿಲ್ಲ," ಎಂದ ಬಲ್ಜಿನ್ಯಾಮ್.

ಯೊಂದೊನ್ ನಾಚಿಕೆಯಾಗಲಿ ಎಂದು ಕಾದ. ಆದದ್ದು ಖುಷಿ. ಹೊಗಳಿಸಿಕೊಂಡ ಹೊಸ ಅಳಿಯನ ಹಾಗೆ ಮುಖ ಅರಳಿದ್ದು ಅವನಿಗೇ ಗೊತ್ತಾಯಿತು. ಥೂ ನನ್ನ ಮುಖಕ್ಕೆ ಎಂದುಕೊಂಡ, ಆದರೂ ಆ ನಗೆಯನ್ನು ತಕ್ಷಣ ಅಳಿಸಲು ಆಗಲಿಲ್ಲ.

ಬಲ್ಜಿನ್ಯಾಮ್ ಫೋನನ್ನು ಆಕಾಶದ ಕಡೆ ಎತ್ತಿ ಹಿಡಿದು ಕಾದ. ಸ್ವಲ್ಪ ಹೊತ್ತಿಗೆ ಅದು ಟಿಣ್ ಎಂದಿತು. "ಆಗ್ಲೇ ಉತ್ತರ ಬಂತು. ಅರವತ್ತೆರಡಕ್ಕೆ ಒಂದಂಗುಲ ಕಡಿಮೆ ಆದ್ರೂ ಬೇಡವಂತೆ. ಅದೇ ಟಗರು ಬೇಕಂತೆ."

ಜೀಪು ಧೂಳೆಬ್ಬಿಸಿಕೊಂಡು ಹೋದ ಮೇಲೆ ದುಲ್ಮಾ ಕೇಳಿದಳು. "ಅಪ್ಪಾ, ಮುದಿಯದರ ಕೊಂಬು ಐವತ್ತೆರಡು ಅಲ್ವಾ?"

"ಹೂಂ."

"ಮತ್ತೆ ಅರವತ್ತೆರಡು? ಅಂಥದ್ದು ಇದೆಯಾ, ಇಲ್ಲ ಸುಮ್ನೆ ಅಂದೆಯಾ?"

"ಇದೆ," ಎಂದ ಯೊಂದೊನ್. "ಹಿಮ ಬಿದ್ದಾಗ ಮುಂದೆ ನಡೆದು ಮಂದೆಗೆ ದಾರಿ ಮಾಡಿಕೊಡುತ್ತಲ್ಲ, ಅದು."

ದಗ್ವಾನ ಮಾತು ಬಂದಾಗಲೆಲ್ಲ ಯೊಂದೊನ್ ಹೇಸಿಗೆ ಕಂಡವನ ಮುಖ ಮಾಡುತ್ತಿದ್ದ. ಮಗಳು ಅದೇ ಮುಖ ಮಾಡಿಕೊಂಡು ಅವನನ್ನು ನೋಡಿದಳು, ಆಮೇಲೆ ಒಳಗೆ ಹೋದಳು.