ಹೆಡ್ ಬಿಚ್ಚಿದ ಭಾನುವಾರ

ಮದುವೆಯಾಗಿ ಆರು ವರ್ಷವಾದರೂ ಮಾಲತೇಶನ ಜೊತೆ ಅವನ ಅತ್ತೆ ಕೇಸರಿಬಾಯಿ ಒಂದು ಮಾತೂ ಆಡಿರಲಿಲ್ಲ. ಜಗಳವೇನೂ ಇಲ್ಲ. ಮುಂಡಗೋಡದ ಕಡೆಯ ಅವಳ ತಾಂಡಾದಲ್ಲಿ ಅವಳ ಓರಗೆಯ ಹೆಂಗಸರು ಅಳಿಯನೆದುರು ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಸುಮ್ಮನಿರುವುದೇ ಮರ್ಯಾದೆ. ಹೇಳುವುದೆಲ್ಲ ಮಗಳ ಮೂಲಕ. ಮಾಲತೇಶನೂ ಅದಕ್ಕೆ ಹೊಂದಿಕೊಂಡಿದ್ದ. "ಅತ್ತಿ ಊಟಾ ಮಾಡಿದ್ರೇನು ಕೇಳು" ಎಂದು ಅವನು ಹೆಂಡತಿ ತುಳಜಾಗೆ ಹೇಳಿದರೆ, ಎರಡು ಮಾರು ದೂರದಲ್ಲಿ ಕೂತ ಕೇಸರಿಬಾಯಿ "ಆತು ಅಂತ ಹೇಳವ್ವ" ಎನ್ನುತ್ತಿದ್ದಳು.

ಆ ಭಾನುವಾರ ಮಾತ್ರ ತುಳಜಾ ಮನೆಯಲ್ಲಿರಲಿಲ್ಲ. ಅವಳು ನರ್ಸು, ದಾಂಡೇಲಿಗೆ ಡ್ಯೂಟಿಗೆಂದು ಬೆಳಗಿನ ಬಸ್ಸು ಹಿಡಿದರೆ ಬರುವುದು ಸಂಜೆಗೇ. ಜೋಯಿಡಾದ ಬಾಡಿಗೆ ಮನೆಯಲ್ಲಿ ಉಳಿದವರು ಮಾಲತೇಶ, ಹಿಂದಿನ ದಿನವಷ್ಟೇ ಊರಿಂದ ಬಂದಿದ್ದ ಅತ್ತೆ ಮತ್ತು ಒಂದು ಬೂದು ಬೆಕ್ಕು.

ಅಂಗಳದಲ್ಲಿ ಬೈಕು ನಿಂತಿತ್ತು. ತಿಂಗಳಿಂದ ಎಂಜಿನ್ನಿನ ಹೆಡ್ಡಿನ ಸಂದಿಯಲ್ಲಿ ಎಣ್ಣೆ ಜಿನುಗುತ್ತಿತ್ತು. ಮಾಲತೇಶ ಪಾಠ ಮಾಡುವ ಶಾಲೆ ಕಾಡಿನೊಳಗೆ ಹನ್ನೊಂದು ಕಿಲೋಮೀಟರ್ ದೂರ. ಬಸ್ಸು ಹೋಗುವ ದಾರಿಯಲ್ಲ. ಮೆಕ್ಯಾನಿಕ್ ರುದ್ರೇಶ ತಂಗಿಯ ಮದುವೆಗೆ ಹೋದವನು ಫೋನಿನಲ್ಲೇ ರೋಗ ಹೇಳಿದ್ದ. "ಪ್ಯಾಕಿಂಗ್ ಹೋಗೇತ್ರಿ ಸರ. ಹೆಡ್ ಬಿಚ್ಚಿ ಹೊಸಾದ ಹಾಕಬೇಕು. ನಾ ಬರೂದು ಮುಂದಿನ ವಾರ."

ಮುಂದಿನ ವಾರದವರೆಗೆ ಮಕ್ಕಳನ್ನು ಕಾಯಿಸಲು ಮಾಲತೇಶನಿಗೆ ಮನಸ್ಸಾಗಲಿಲ್ಲ. ಹೆಡ್ಡಿನ ಸಂದಿಗೆ ಕೂರಿಸುವ ತೆಳು ಹಾಳೆಯಂಥ ಹೊಸ ಪ್ಯಾಕಿಂಗ್ ತಂದಿಟ್ಟ. ಬಿಚ್ಚುವ ವಿಡಿಯೋವನ್ನು ಮೊಬೈಲಿನಲ್ಲಿ ಮೂರು ಸಲ ನೋಡಿದ. ಪಕ್ಕದ ಮನೆಯವರಿಂದ ನಟ್ಟು ಬಿಚ್ಚುವ ಪಾನಾಗಳ ಪೆಟ್ಟಿಗೆ ತಂದು, ಅಂಗಳದಲ್ಲಿ ಹಳೆಯ ಚಾದರ ಹಾಸಿ ಕೂತ.

ಮೊದಲು ಎಲ್ಲ ಸಲೀಸಾಗಿ ನಡೆಯಿತು. ಎಣ್ಣೆ ಇಳಿಸಿದ, ಪೆಟ್ರೋಲ್ ಟಾಕಿ ತೆಗೆದ, ಸೈಲೆನ್ಸರ್ ಬಿಚ್ಚಿದ. ಎಡಗಡೆಯ ಕವರಿನ ಬೋಲ್ಟುಗಳನ್ನೆಲ್ಲ ಬೋಗುಣಿಗೆ ಹಾಕಿದ. ಹೆಡ್ಡಿನ ಮೇಲಿನ ಕವರಿನವನ್ನೂ ಅದೇ ಬೋಗುಣಿಗೆ ಹಾಕಲು ಹೊರಟಾಗ ಕಟ್ಟೆಯ ಮೇಲಿಂದ ದನಿ ಬಂತು.

"ಏ ಬೆಕ್ಕಪ್ಪಾ, ನಿಮ್ಮ ಮಾಸ್ತರಗ ಹೇಳು. ಉದ್ದಂದು ಗಿಡ್ಡಂದು ಎಲ್ಲಾ ಕೂಡಿಸಿದ್ರ ಆಮ್ಯಾಲ ಯಾವುದು ಯಾವ ತೂತಿಂದು ಅಂತ ಯಾರಿಗೆ ಕೇಳ್ತಾನ?"

ಮಾಲತೇಶ ತಲೆಯೆತ್ತಿದ. ಕೇಸರಿಬಾಯಿ ಸೆರಗಿನೊಳಗಿಂದ ಬೆಕ್ಕನ್ನೇ ನೋಡುತ್ತ, ಮಡಿಲಿನಲ್ಲಿದ್ದ ಕನ್ನಡಿ ಕಸೂತಿಯ ಬಟ್ಟೆಗೆ ಸೂಜಿ ಚುಚ್ಚುತ್ತಿದ್ದಳು. ಬೆಕ್ಕು ಕಾಲು ನೆಕ್ಕಿಕೊಳ್ಳುತ್ತಿತ್ತು.

"ಬೆಕ್ಕಪ್ಪಾ," ಎಂದ ಅವನೂ, "ಹಂಗಾರ ಹೆಂಗ ಮಾಡಬೇಕಂತ ಕೇಳು."

ಉತ್ತರದ ಬದಲು ಒಂದು ರಟ್ಟಿನ ತುಂಡು ಅವನ ಮೊಣಕಾಲಿನ ಬಳಿ ಬಂದು ಬಿತ್ತು. ಹಿಂದೆಯೇ ಅವಳ ಕಸೂತಿಯ ಸೀಸದಕಡ್ಡಿ. ಅವನಿಗೆ ಅರ್ಥವಾಯಿತು. ಕವರನ್ನು ರಟ್ಟಿನ ಮೇಲಿಟ್ಟು ಅದರ ಆಕಾರ ಬರೆದ. ಪ್ರತಿ ಬೋಲ್ಟನ್ನೂ ಅದರದರ ಜಾಗದಲ್ಲೇ ಚುಚ್ಚಿ ನಿಲ್ಲಿಸಿದ. ಬೋಗುಣಿಗೆ ಬಿದ್ದಿದ್ದವನ್ನು ಒಂದೊಂದೇ ತೂತಿಗೆ ಹಾಕಿ ಅಳೆದು ಜೋಡಿಸುವಷ್ಟರಲ್ಲಿ ಅರ್ಧ ಗಂಟೆ ಹೋಯಿತು.

ವಿಡಿಯೋದಲ್ಲಿ ಕಂಡಂತೆ, ಹೆಡ್ಡಿನೊಳಗಿಂದ ಕೆಳಗಿಳಿಯುವ ಟೈಮಿಂಗ್ ಚೈನನ್ನು ಕಳಚಿ, ಒಳಗೆ ಬೀಳದಂತೆ ತಂತಿಯಿಂದ ಕಟ್ಟಿದ. ಹೆಡ್ಡಿನ ನಾಲ್ಕು ನಟ್ಟುಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿದ. ನಟ್ಟು ಬಂದವು, ಹೆಡ್ಡು ಬರಲಿಲ್ಲ. ವಿಡಿಯೋ ನೋಡೋಣವೆಂದರೆ ನೆಟ್‌ವರ್ಕು ಹೋಗಿ ಪರದೆಯ ನಡುವೆ ಚಕ್ರ ಗಿರಗಿರ ತಿರುಗುತ್ತಿತ್ತು. ಸ್ಕ್ರೂಡ್ರೈವರನ್ನು ಸಂದಿಗೆ ತುರುಕಿ ಮೀಟಲು ಹೋದ.

"ಅಯ್ಯಯ್ಯೋ ಬೆಕ್ಕೇ! ಮೀಟಬ್ಯಾಡ ಅನ್ನು! ಗೀರು ಬಿದ್ದ್ರ ಜನ್ಮಪೂರ್ತಿ ಸೋರ್ತೈತಿ. ನಮ್ಮ ಹೊಲದ ಡೀಸೆಲ್ ಪಂಪಿನ ಹೆಡ್ಡು ನಮ್ಮವರು ವರ್ಷಾ ಬಿಚ್ಚತಿದ್ರು. ಕಟ್ಟಿಗೀಲೆ ಸುತ್ತಲೂ ಮೆತ್ತಗ ಬಡೀತಿದ್ರು. ದೀಪ ಹಿಡಕೊಂಡು ನಿಲ್ಲಾಕಿ ನಾನ ಅಲ್ಲೇನು?"

ಮಾವ ಭೋಜಪ್ಪನ ಪಂಪಿನ ಸುದ್ದಿ ಮಾಲತೇಶ ಕೇಳಿದ್ದು ಇದೇ ಮೊದಲು. ಒಂದು ಕಟ್ಟಿಗೆಯ ತುಂಡು ಹುಡುಕಿ ತಂದು ಟಕ್ ಟಕ್ ಎಂದು ಸುತ್ತಲೂ ಬಡಿದ. ನಾಲ್ಕನೆಯ ಸುತ್ತಿಗೆ ಸಣ್ಣಗೆ ಸದ್ದಾಗಿ ಹೆಡ್ಡು ಅಲುಗಿತು. ಖುಷಿಯಲ್ಲಿ ಎರಡೂ ಕೈಯಿಂದ ಹಿಡಿದು ಮೇಲೆತ್ತಿದ. ಎತ್ತಿದ್ದೇ ತಡ, ಟೈಮಿಂಗ್ ಚೈನಿಗೆ ಕಟ್ಟಿದ್ದ ತಂತಿ ಸಡಿಲಾಗಿ ಕಳಚಿತು. ಚೈನು ಹಾವಿನಂತೆ ಎಂಜಿನ್ನಿನ ಹೊಟ್ಟೆಯೊಳಗೆ ಸರಿಯತೊಡಗಿತು. ಅದು ಒಳಗೆ ಬಿದ್ದರೆ ಇಡೀ ಎಂಜಿನ್ನನ್ನೇ ಬಿಚ್ಚಬೇಕಾದೀತು. ಅವನ ಎರಡೂ ಕೈಯಲ್ಲಿ ಹೆಡ್ಡು.

"ಅತ್ತೀ!" ಎಂದು ಅವನು ಕೂಗಿದ.

"ಅಲುಗಬ್ಯಾಡ ಅಳಿಯಾ! ಹಂಗ ನಿಲ್ಲು!"

ಕೇಸರಿಬಾಯಿ ಕಟ್ಟೆಯಿಂದ ಹಾರಿದಂತೆ ಬಂದಳು. ಸೆರಗು ತಲೆಯಿಂದ ಜಾರಿತು. ಎಂಜಿನ್ನಿನ ಕಿರಿದಾದ ಸಂದಿಗೆ ಎರಡು ಬೆರಳು ಇಳಿಬಿಟ್ಟು ಚೈನಿನ ತುದಿಯನ್ನು ಸೂಜಿಗೆ ದಾರ ಹಿಡಿದಷ್ಟೇ ನಿಖರವಾಗಿ ಹಿಡಿದಳು. ಇನ್ನೊಂದು ಕೈಯಿಂದ ಸೊಂಟದ ಚೀಲದ ಕೆಂಪು ದಾರ ಎಳೆದು, ಹಲ್ಲಿನಿಂದ ಕಡಿದು, ಚೈನಿನ ಕೊಂಡಿಗೆ ಮೂರು ಗಂಟು ಹಾಕಿ ಹ್ಯಾಂಡಲ್ಲಿಗೆ ಬಿಗಿದಳು.

ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅತ್ತೆಯ ಮುಖವನ್ನು ಮಾಲತೇಶ ಇಷ್ಟು ಹತ್ತಿರದಿಂದ ನೋಡಿದ್ದು ಮೊದಲ ಸಲ. ತುಳಜಾಳದೇ ಗಲ್ಲದ ಗುಳಿ ಅಲ್ಲೂ ಇತ್ತು. ಮೂಗಿಗೆ ಮಸಿ ಮೆತ್ತಿತ್ತು.

ಕೇಸರಿಬಾಯಿಯ ಕೈ ಸೆರಗಿನತ್ತ ಹೋಯಿತು. ಎಣ್ಣೆ ಹತ್ತಿದ ಬೆರಳು ಕಂಡು ಅಲ್ಲೇ ನಿಂತಿತು.

"ಹೋಗ್ಲಿ ಬಿಡ್ರಿ," ಎಂದಳು ನಗುತ್ತ. "ಸೀರಿ ಹೊಸಾದೈತಿ."

ಅಲ್ಲಿಂದ ಮುಂದೆ ಬೆಕ್ಕಿಗೆ ಯಾರೂ ಏನೂ ಹೇಳಲಿಲ್ಲ. ಅವನು ಹಳೆಯ ಪ್ಯಾಕಿಂಗ್ ಕೆರೆದ. ಅವಳು ಕಸ ಒಳಗೆ ಬೀಳದಂತೆ ಸಿಲಿಂಡರಿನ ಬಾಯಿಗೆ ಬಟ್ಟೆ ತುಂಬಿದಳು. ಸೀಮೆಎಣ್ಣೆಯಲ್ಲಿ ಹೆಡ್ಡು ತೊಳೆದಳು. ಮಧ್ಯಾಹ್ನ ಇಬ್ಬರೂ ಬುತ್ತಿಯ ರೊಟ್ಟಿಯನ್ನು ಅಂಗಳದಲ್ಲೇ ಕೂತು ತಿಂದರು.

ಐದು ಗಂಟೆಯ ಬಸ್ಸಿಗೆ ಇಳಿದು ಬಂದ ತುಳಜಾ ಗೇಟಿನ ಬಳಿಯೇ ನಿಂತುಬಿಟ್ಟಳು. ಒಳಗೆ ಗಂಡನೂ ತಾಯಿಯೂ ದನಿಯೇರಿಸಿ ವಾದಿಸುತ್ತಿದ್ದರು.

"ಇನ್ನೊಂದು ಪಾವು ಸುತ್ತು ಬಿಗೀರಿ ಅಂದ್ನೆಲ್ಲ!"

"ಅತ್ತೀ, ಹೆಚ್ಚಾದ್ರ ನಟ್ಟು ತುಂಡಾಗ್ತೈತ್ರಿ!"

"ಎದುರಿಂದು ಬಿಗೀರಿ, ಪಕ್ಕದ್ದಲ್ಲ!"

"ಅವ್ವಾ?" ಎಂದಳು ತುಳಜಾ.

"ನೀ ಸುಮ್ನಿರು, ನಾವು ಕೆಲಸದಾಗ ಅದೇವಿ," ಎಂದರು ಇಬ್ಬರೂ ಒಟ್ಟಿಗೆ.

ರಟ್ಟು ಬರಿದಾಯಿತು; ಒಂದು ಬೋಲ್ಟೂ ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. ಹೊಸ ಎಣ್ಣೆ ಹಾಕಿ ಮಾಲತೇಶ ಕಿಕ್ ಹೊಡೆದ. ಒಂದು, ಎರಡು, ಮೂರು. ಏನೂ ಇಲ್ಲ. ಅವನ ಹಣೆಯಲ್ಲಿ ಬೆವರು ಕಂಡಿತು. ತುಳಜಾ ಬಾಗಿ ನೋಡಿ, ಪ್ಲಗ್ಗಿನಿಂದ ಕಳಚಿ ನೇತಾಡುತ್ತಿದ್ದ ವೈರನ್ನು ತೋರಿಸಿದಳು. ಅದನ್ನು ಸಿಕ್ಕಿಸಿ ಮತ್ತೆ ಒದ್ದಾಗ ಬೈಕು ಒಮ್ಮೆ ಕೆಮ್ಮಿ, ಹೊಗೆಯುಗುಳಿ, ಆಮೇಲೆ ಹದವಾಗಿ ಓಡತೊಡಗಿತು. ಸಂದಿಯ ಸುತ್ತ ಬೆರಳಾಡಿಸಿದ. ಒಣಗಿಯೇ ಇತ್ತು. ಅವನು ಅಂಗಳದಲ್ಲೇ ಒಂದು ಸುತ್ತು ಕುಣಿದ.

"ನಡೀರಿ ಅತ್ತಿ, ಅನಮೋಡದ ರಸ್ತೆ ಕಡೆ ಒಂದು ಸುತ್ತು ಹೋಗಿ ಬರೂಣು."

ಕೇಸರಿಬಾಯಿ ಕೈ ತೊಳೆಯಲೂ ನಿಲ್ಲದೆ ಹಿಂದೆ ಏರಿ ಕೂತಳು. ಎರಡು ಕಿಲೋಮೀಟರ್ ಹೋಗುವುದರೊಳಗೆ ಅವನ ಕಿವಿಯ ಬಳಿ ಬಾಗಿದಳು.

"ಆರು ವರ್ಷದಿಂದ ಒಂದು ಮಾತು ಹೇಳಬೇಕಂತ ಇದ್ದೆ. ಹೆಣ್ಣು ನೋಡಾಕ ಬಂದಾಗ ನೀವು ಏಳು ಹೋಳಿಗಿ ತಿಂದ್ರಿ."

"ಐದು, ಅತ್ತಿ!"

"ಏಳು! ಬಡಿಸಿದಾಕಿ ನಾನ. ಈ ಹುಡುಗನ್ನ ಸಾಕೂದು ಹೆಂಗ ಅಂತ ಅವತ್ತ ರಾತ್ರಿ ನಮ್ಮವರಿಗೆ ನಿದ್ದೀನ ಬರಲಿಲ್ಲ."

ಮಾಲತೇಶನಿಗೆ ನಗು ತಡೆಯದೆ ಹ್ಯಾಂಡಲ್ಲು ಅಲುಗಿತು. ಬೈಕನ್ನು ರಸ್ತೆಯ ಬದಿಗೆ ನಿಲ್ಲಿಸಿದ. ಇಬ್ಬರೂ ಅಲ್ಲೇ ಮರದ ಕೆಳಗೆ ಹೊಟ್ಟೆ ಹಿಡಿದು ನಕ್ಕರು.