ಎಮ್ಮೆಗೆ ಒಂಟೆ ಎನ್ನುವ ಟೀಚರ್

ಶಿವಲೀಲಾ ಟೀಚರ್ ಸುಳ್ಳು ಹೇಳುವ ಮುನ್ನ ಮೂಗಿನ ತುದಿಗೆ ಜಾರಿದ ಕನ್ನಡಕವನ್ನು ತೋರುಬೆರಳಿನಿಂದ ಮೇಲಕ್ಕೆ ತಳ್ಳುತ್ತಾರೆ. ತಳ್ಳಿ, ತೀರ್ಪು ಓದುವ ನ್ಯಾಯಾಧೀಶರ ಗಾಂಭೀರ್ಯದಲ್ಲಿ, ಪುಸ್ತಕದ ಎಮ್ಮೆಯ ಮೇಲೆ ಬೆರಳಿಟ್ಟು "ಇದು ಒಂಟೆ" ಎನ್ನುತ್ತಾರೆ. ನಿಜ ಹೇಳುವಾಗ ಆ ಕನ್ನಡಕ ಎಲ್ಲಿ ಜಾರಿದ್ದರೂ ಅವರಿಗೆ ಲಕ್ಷ್ಯವಿಲ್ಲ.

ಈ ಅಂಗನವಾಡಿ ಟೀಚರ ವಿಚಾರ ನನ್ನ ಕಿವಿಗೆ ಬಿದ್ದದ್ದು ಆಂಧ್ರದ ಗಡಿಯೊಳಗಿನ ಚಿಪ್ಪಗಿರಿಗೆ ಹೋಗುವ ಆಟೋದಲ್ಲಿ. ಪಕ್ಕದಲ್ಲಿ ಕುಳಿತಿದ್ದ ಉಚ್ಚಮ್ಮ ಎಂಬ ಮುದುಕಿ ನನ್ನನ್ನು ಗುರುತು ಹಿಡಿದು, "ನೀ ಪೇಪರ್‌ನ್ಯಾಗ ಎಲ್ಲಾರ್ನೂ ಬೈತಿಯಂತಲ್ಲಪ್ಪ, ನಮ್ಮೂರ ಟೀಚರ್ನೂ ಒಂದೀಟು ಬೈ ನೋಡಾನ. ನನ್ನ ಮೊಮ್ಮಗಗ ಗೊತ್ತಿದ್ದದ್ದು ಆಕಿಗೆ ಗೊತ್ತಿಲ್ಲ. ಸಂಬಳ ಮಾತ್ರ ಆಕಿಗೆ!" ಎಂದಳು. ಬೈಯುವುದಕ್ಕೆ ನನಗೆ ಎರಡನೆಯ ಆಹ್ವಾನ ಬೇಕಿಲ್ಲ. ವಾಕ್ಯಗಳನ್ನು ಮಸೆದುಕೊಂಡೇ ಆ ಊರಿಗೆ ಇಳಿದೆ; ಇಳಿದವನು ಇಂದಿಗೂ ಆ ಬರಹವನ್ನು ಬರೆದು ಮುಗಿಸಲಾರದೆ ಕುಳಿತಿದ್ದೇನೆ.

ಹತ್ತಿ ಬಿಡಿಸುವ ಹೆಂಗಸರಂತೆ ಟೀಚರ ಸೀರೆಯ ಮೇಲೊಂದು ಗಂಡಸರ ದೊಗಲೆ ಅಂಗಿ. ಅದರ ಜೇಬುಗಳಲ್ಲಿ ಹತ್ತಿಕಾಯಿ, ಹುಣಸೆಬೀಜ, ಕುರಿಯ ಕೊರಳಗಂಟೆ, ಹಸಿ ಮಣ್ಣಿನುಂಡೆ. ಆ ಭಾರಕ್ಕೆ ಬಲಕ್ಕೆ ವಾಲಿದ ನಡಿಗೆ. ಮಕ್ಕಳು ಕಣ್ಣು ಮುಚ್ಚಿ ಜೇಬಿಗೆ ಕೈ ಹಾಕಬೇಕು, ಸಿಕ್ಕಿದ್ದನ್ನು ಸವರಿ ಬಣ್ಣಿಸಬೇಕು. ಆಮೇಲಷ್ಟೇ ಪುಸ್ತಕದಲ್ಲಿ ಅದರ ಚಿತ್ರ. ಚಿತ್ರದ ಕೆಳಗಿನ ತೆಲುಗು ಅಕ್ಷರಗಳನ್ನು ಅಂಗೈಯಿಂದ ಮುಚ್ಚಿ, "ಅಕ್ಷರಕ್ಕ ಇನ್ನಾ ಹೊತ್ತೈತಿ" ಎನ್ನುತ್ತಾರೆ. ನಂತರ ಕನ್ನಡಕ ಮೇಲೇರುತ್ತದೆ.

"ಇದು ಒಂಟೆ."

ಮನೆ ಹೊತ್ತಿಕೊಂಡಂಥ ಗದ್ದಲ. "ಒಂಟೆ ಕಾದು ಟೀಚರ್, ಬರ್ರೆ!" ಎಂದು ಒಬ್ಬ ತೆಲುಗಿನಲ್ಲಿ, "ಎಮ್ಮಿರೀ, ಎಮ್ಮಿ!" ಎಂದು ಇನ್ನೊಬ್ಬಳು ಕನ್ನಡದಲ್ಲಿ. ಟೀಚರ್ ಸುಲಭಕ್ಕೆ ಸೋಲುವುದಿಲ್ಲ. "ಯಾಕ ಒಂಟೆ ಅಲ್ಲ? ನಾನೇನು ಕಂಡೀನಪ್ಪ, ತಿಳಿಸಿ ಹೇಳು." ಆಗ ಆ ಪುಟ್ಟ ಬಾಯಿಗಳಿಂದ ಪದಗಳು ವಾಕ್ಯವಾಗಿ, ವಾಕ್ಯಗಳು ವಾದವಾಗಿ ಹೊರಡುತ್ತವೆ: "ಒಂಟೆಗೆ ಬೆನ್ನಮ್ಯಾಲೆ ಗುಡ್ಡ ಇರ್ತೈತ್ರಿ. ಇದಕ್ಕಿಲ್ಲ. ಇದು ಕೆರ್‍ಯಾಗ ಕುಂದ್ರತೈತಿ, ಎಬ್ಬಿಸಿದ್ರೂ ಏಳಂಗಿಲ್ಲ, ನಮ್ಮ ಮಾವನಂಗ!"

ಮೂರು ವರ್ಷದ ಕೂಸುಗಳಿಗೆ ಕುತ್ತಿಗೆಪಟ್ಟಿ ಕಟ್ಟಿ, ಅರ್ಥವರಿಯದ ಇಂಗ್ಲಿಷ್ ಪದ್ಯಗಳನ್ನು ಒದರಿಸುವ ಪೇಟೆಯ ನರ್ಸರಿಗಳ ಮೇಲೆ ನನಗಿರುವ ರೋಷ ಹಳೆಯದು. ಹಾಗೆಂದು ಸುಳ್ಳನ್ನು ಶಿಕ್ಷಣವೆಂದು ಒಪ್ಪಲೇ? ನೇರವಾಗಿಯೇ ಕೇಳಿದೆ: "ಮಕ್ಕಳಿಗೆ ಸುಳ್ಳು ಹೇಳೋದು ತಪ್ಪಲ್ಲೇನ್ರಿ?"

"ತಪ್ಪರೀ. ಆದ್ರ ನಾ ಸರಿ ಹೇಳಿದ್ರ ಹೂಂ ಅಂತಾರ, ಅಷ್ಟ. ಹೂಂ ಅನ್ನೋದೂ ಒಂದು ಮಾತೇನ್ರೀ?"

ಕನ್ನಡಕ ಮೂಗಿನ ತುದಿಯಲ್ಲಿಯೇ ಇತ್ತು.

ಆದರೆ ಆ ಗದ್ದಲದಲ್ಲಿ ಒಂದು ಕೂಸು ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಲಿಂಗಕ್ಕ, ಕುರಿಗಾರ ಯರ್ರೆಪ್ಪನ ಮಗಳು; ಮನೆಯಲ್ಲಿಯೂ ಬೇಕು ಬೇಡಗಳನ್ನೆಲ್ಲ ಕೈಸನ್ನೆಯಲ್ಲಿಯೇ ಮುಗಿಸುವವಳು. ಟೀಚರ್ ಚಿತ್ರದ ಕುರಿಗೆ ನಾಯಿ ಎಂದಾಗ ಉಳಿದವರು ಕೂಗಿದರೆ, ಈಕೆ ಟೀಚರ ಮುಖವನ್ನೇ ದಿಟ್ಟಿಸುತ್ತಿದ್ದಳು. ಅದೇ ವಾರ ಹಟ್ಟಿಯಲ್ಲಿ ಅಪ್ಪ ಮರಿಯೊಂದನ್ನು ತೋರಿಸಿ ಇದೇನವ್ವ ಎಂದಾಗ, ಅಪರೂಪಕ್ಕೆ ಬಾಯಿಬಿಟ್ಟು, "ನಾಯಿ" ಎಂದಳಂತೆ.

ನಾನು ಮತ್ತೆ ಹೋಗಿ ಟೀಚರ ಪಕ್ಕದ ಚಾಪೆಯಲ್ಲಿ ಕುಳಿತಿದ್ದ ದಿನವೇ ಯರ್ರೆಪ್ಪ ಬಂದ, ಒಂದು ಕಂಕುಳಲ್ಲಿ ಕುರಿಮರಿ, ಇನ್ನೊಂದು ಕೈಯಲ್ಲಿ ಮಗಳು. "ಕುರಿಯಾಗ ಹುಟ್ಟಿದ ಕೂಸು ಕುರಿಗೆ ನಾಯಿ ಅಂದ್ರ ಮಂದಿಗೆ ಹೆಂಗ ಮುಖ ತೋರಿಸ್ಲಿ? ನಾಳೆ ಮಂದೆ ಹೊಂಡತೈತಿ. ಈಕಿನ್ನೂ ಕರ್ಕೊಂಡು ಹೋಗ್ತೀನಿ. ಕುರಿ ಹಿಂದ ಇದ್ರ ಕುರಿ ಅನ್ನೋದಾದ್ರೂ ಕಲೀತಾಳ." ಮರಿಯನ್ನು ಟೀಚರ ಮುಖದೆದುರು ಹಿಡಿದ. "ಈಗ ಎಲ್ಲಾರ ಮುಂದ ನೀವ ಹೇಳ್ರಿ. ಇದೇನು?"

ಕುರಿ ಎಂದರೆ ವರ್ಷಗಳಿಂದ ಕಟ್ಟಿದ ಆಟ ಮಕ್ಕಳೆದುರೇ ಮುರಿಯುತ್ತದೆ. ನಾಯಿ ಎಂದರೆ ಈ ಕೂಸು ನಾಳೆಯಿಂದ ಬಯಲ ಪಾಲು. ಟೀಚರ ಬೆರಳು ಕನ್ನಡಕದತ್ತ ಹೊರಟು ನಡುದಾರಿಯಲ್ಲಿ ನಿಂತಿತು. ಹಾಗೆ ದಿಕ್ಕು ತಪ್ಪಿದ ಅವರನ್ನು ನಾನು ಕಂಡದ್ದು ಅದೊಂದೇ ಸಲ.

ಲಿಂಗಕ್ಕ ಅಪ್ಪನ ಕೈ ಬಿಡಿಸಿಕೊಂಡು ಬಂದು ಆ ದೊಗಲೆ ಅಂಗಿಯ ಅಂಚು ಜಗ್ಗಿದಳು. ಟೀಚರ್ ಬಾಗಿದರು. ಅವರ ಕಿವಿಗೆ ಬಾಯಿ ಹಚ್ಚಿ ಆ ಕೂಸು ಪಿಸುಗುಟ್ಟಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ಅದು ಕುರಿಮರಿರೀ. ನಿಮಗ ಗೊತ್ತಿಲ್ಲಂತ ನಾ ಯಾರಿಗೂ ಹೇಳಂಗಿಲ್ಲ."

ಅಂದರೆ ಆಕೆಗೆ ಮೊದಲಿನಿಂದಲೂ ಗೊತ್ತಿತ್ತು. ಟೀಚರ ಮಾನ ಉಳಿಯಲೆಂದು ಹಟ್ಟಿಯಲ್ಲಿ, ಹೆತ್ತ ಅಪ್ಪನ ಮುಂದೆಯೂ, ಕುರಿಯನ್ನು ನಾಯಿ ಮಾಡಿದ್ದಳು.

"ಏನಂದ್ಲು?" ಎಂದ ಯರ್ರೆಪ್ಪ.

ಕನ್ನಡಕ ನಿಧಾನವಾಗಿ ಮೇಲೇರಿತು. "ಏನಿಲ್ಲಪ್ಪ. ನೀರು ಬೇಕಂತ."

ಕುರಿಗಾರ ಮಗಳನ್ನು ನೋಡಿದ, ಟೀಚರನ್ನು ನೋಡಿದ, ಮರಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದ. "ನೀರು ಬೇಕಂದ್ರ ಮನ್ಯಾಗ ಕೈ ಮಾಡಿ ತೋರಿಸ್ತಾಳ. ಇಲ್ಲಿ ಬಾಯಿ ಬಿಟ್ಟಾಳಲ್ಲ..." ಮಗಳ ತಲೆ ಸವರಿ, "ಇರಲಿ ಬಿಡ್ರಿ. ಮಂದೆ ತಿರುಗಿ ಬರೋತನಕ ಅವರಜ್ಜಿ ಹತ್ರ ಇದ್ದು ಇಲ್ಲೇ ಬರ್ಲಿ" ಎಂದ. ಬಾಗಿಲಿನವರೆಗೆ ಹೋದವನು ಹಿಂತಿರುಗಿ ಬಂದು ಮರಿಯನ್ನು ಚಾಪೆಯ ಮೇಲೆ ಬಿಟ್ಟ. "ಸಂಜಿತನಕ ಇದೂ ಇಲ್ಲೇ ಇರ್ಲಿ. ನೀವೂ ಒಂದೀಟು ನೋಡಿ ಕಲೀರಿ ಟೀಚರ್."

ಅವನು ಹೋದ ಮೇಲೆ ನಾನು ಸಿಡುಕಿದೆ: "ಕೂಸು ಕುರಿಮರಿ ಅಂದಿದ್ದು ಹೇಳಬಾರದಿತ್ತೇನ್ರಿ? ಮಂದಿ ಬಾಯಾಗ ದಡ್ಡಿ ಅನ್ನಿಸಿಕೊಂಡ್ರಿ."

"ನಾ ದಡ್ಡಿ ಅಂತನ ಆಕಿ ಮಾತಾಡ್ಯಾಳ. ಈಗ ನನಗೆಲ್ಲಾ ಗೊತ್ತೈತಿ ಅಂದ್ರ, ಆ ಕೂಸಿನ ಮುಖ ಹೆಂಗ ನೋಡ್ಲಿ ಹೇಳ್ರಿ?"

ಕನ್ನಡಕ ಮತ್ತೆ ಜಾರಿತ್ತು.

ಈ ವಿಧಾನ ಗೆದ್ದಿತೋ ಸೋತಿತೋ ನಾನರಿಯೆ. ತಿಳಿದದ್ದನ್ನು ಡಂಗುರ ಬಾರಿಸಿ ಮಕ್ಕಳನ್ನು ಕಿವುಡಾಗಿಸುವ ಪಂಡಿತರನ್ನು ನಾನು ಜೀವಮಾನವಿಡೀ ಬೈದಿದ್ದೇನೆ. ಅವರನ್ನು ಬೈಯುವುದು ಸುಲಭ. ತಿಳಿದದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಊರ ನಗೆಯನ್ನು ಹೊತ್ತುಕೊಂಡು, ಮಕ್ಕಳ ಬಾಗಿಲಲ್ಲಿ ಮಾತಿನ ಭಿಕ್ಷೆಗೆ ನಿಲ್ಲುವ ಇಂಥವರನ್ನು ಏನು ಮಾಡಬೇಕು? ಅವರು ಬೇಡುವುದು ಒಂದು ಹಿಡಿ ಮಾತು. ಕೆಲವೊಮ್ಮೆ ಮಕ್ಕಳು ಅದರ ಜೊತೆಗೆ ಕರುಣೆಯನ್ನೂ ಸುರಿದುಬಿಡುತ್ತವೆ. ಆ ಜೋಳಿಗೆಯನ್ನು ಹೊತ್ತವರು, ಮುಂದೆಂದೂ ನಿಜ ಹೇಳಲಾಗದೆ, ಒಂದು ಕಡೆಗೆ ವಾಲಿಯೇ ನಡೆಯುತ್ತಾರೆ.